ಹಸಿರು ಹೌಸಿಗೆ ಹೋದ ಕೆಂಪು ಕೋಲು

ಕಳೆದ ಜೂನ್‌ನಲ್ಲಿ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಲು ನಾನು ಓದಿದ ಶಾಲೆಗೇ ಹೋಗಿದ್ದೆ. ಶಿಕಾರಿಪುರದಲ್ಲಿ ಅದನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಕಾನ್ವೆಂಟ್ ಎಂದರೆ ಸಾಕು, ಆಟೋದವನು ಮತ್ತೇನೂ ಕೇಳದೆ ಗೇಟಿನ ಮುಂದೆ ಇಳಿಸುತ್ತಾನೆ. ನಾನೂ ಹೆಸರು ಹೇಳುವುದಿಲ್ಲ. ಅಲ್ಲಿನ ಸಿಸ್ಟರ್‌ಗಳಿಗೆ ನನ್ನ ವಿಷಯದಲ್ಲಿ ನೆನಪು ಬಹಳ ಚೆನ್ನಾಗಿದೆ, ಇದನ್ನು ಓದಿ ಮತ್ತೊಮ್ಮೆ ಆಫೀಸಿಗೆ ಕರೆಸಿದರೆ ಈ ವಯಸ್ಸಿನಲ್ಲಿ ಕೈಕಟ್ಟಿ ನಿಲ್ಲುವುದು ಕಷ್ಟ.

ಅರ್ಜಿ, ಫೋಟೋ, ಆಧಾರ್ ಕಾರ್ಡು ಎಲ್ಲ ಕೊಟ್ಟಾದ ಮೇಲೆ ಆಫೀಸಿನ ಸಿಸ್ಟರ್ ಮೇಜಿನ ಕೆಳಗಿಂದ ಒಂದು ತಗಡಿನ ಬಿಸ್ಕತ್ತಿನ ಡಬ್ಬಿ ತೆಗೆದರು. ನನ್ನ ಕಾಲದ ಅದೇ ಡಬ್ಬಿ. ಮುಚ್ಚಳದ ಮೇಲಿದ್ದ ಹೂವಿನ ಬುಟ್ಟಿಯ ಚಿತ್ರದಲ್ಲಿ ಹೂವೆಲ್ಲ ಅಳಿಸಿ ಈಗ ಬುಟ್ಟಿ ಮಾತ್ರ ಉಳಿದಿದೆ. ಮಗಳು ಕೈ ಹಾಕಿ ಒಂದು ಚೀಟಿ ಎತ್ತಿದಳು. ಗ್ರೀನ್. ಸಿಸ್ಟರ್ ಅವಳ ಹೆಸರನ್ನು ಗ್ರೀನ್ ಹೌಸಿನ ಪುಸ್ತಕದಲ್ಲಿ ಬರೆದುಕೊಂಡರು, ಅಲ್ಲಿಗೆ ಹತ್ತು ವರ್ಷದ ಹಣೆಬರಹ ಮುಗಿಯಿತು.

ಸ್ಕೂಟರಿನ ಹಿಂದೆ ಕೂತವಳು ಕೆರೆ ಏರಿ ಬರುವ ಹೊತ್ತಿಗೆ ನನ್ನ ಬೆನ್ನು ತಟ್ಟಿ ಕೇಳಿದಳು, "ಅಮ್ಮ, ನಿಂದು ಯಾವ ಹೌಸು?"

ಒಂದು ಪದದಲ್ಲಿ ಉತ್ತರ ಕೊಡಬಹುದಾದ ಪ್ರಶ್ನೆ. ನಾನು ಬಾಯಿ ತೆರೆದೆ, ಮುಚ್ಚಿದೆ, ಹಾರ್ನ್ ಹೊಡೆದೆ. ಮನೆಗೆ ಹೋದ ಮೇಲೆ ಹೇಳುತ್ತೇನೆ ಎಂದೆ. ಮನೆಗೆ ಹೋದ ಮೇಲೆ ಅವಳು ಮರೆತಳು, ನಾನು ಮರೆಯಲಿಲ್ಲ. ಆದ್ದರಿಂದ ಇದು.

ಹೌಸ್ ಎಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಶಾಲೆಯ ಮಕ್ಕಳನ್ನೆಲ್ಲ ನಾಲ್ಕು ಪಾಲು ಮಾಡಿ ನಾಲ್ಕು ಬಣ್ಣ ಹಚ್ಚುತ್ತಾರೆ. ರೆಡ್, ಗ್ರೀನ್, ಬ್ಲೂ, ಯೆಲ್ಲೋ. ಶನಿವಾರ ಆ ಬಣ್ಣದ ಟೀ ಶರ್ಟು, ಉಳಿದ ದಿನ ಎದೆಯ ಮೇಲೆ ಆ ಬಣ್ಣದ ಬಿಲ್ಲೆ. ಹಾಡಿದರೆ, ಓಡಿದರೆ, ಭಾಷಣ ಮಾಡಿದರೆ ನಿಮ್ಮ ಹೌಸಿಗೆ ಪಾಯಿಂಟು. ಉಗುರು ಬಿಟ್ಟರೆ, ರಿಬ್ಬನ್ ಮರೆತರೆ, ಪ್ರಾರ್ಥನೆಯ ಹೊತ್ತಿಗೆ ಕಣ್ಣು ಬಿಟ್ಟರೆ ಇದ್ದ ಪಾಯಿಂಟೂ ಹೋಯಿತು. ಕಣ್ಣು ಬಿಟ್ಟದ್ದು ಸಿಸ್ಟರ್‌ಗೆ ಹೇಗೆ ತಿಳಿಯಿತು, ಅವರೂ ಕಣ್ಣು ಬಿಟ್ಟಿದ್ದರಲ್ಲವೇ ಎಂದು ನಾನು ಒಂದು ಸಲ ಕೇಳಿದ್ದಕ್ಕೆ ನಮ್ಮ ಹೌಸು ಇನ್ನೂ ಎರಡು ಪಾಯಿಂಟು ಕಳೆದುಕೊಂಡಿತು. ವರ್ಷದ ಕೊನೆಗೆ ಗೆದ್ದ ಹೌಸಿನ ಹೆಸರನ್ನು ಪ್ರಿನ್ಸಿಪಾಲ್ ಆಫೀಸಿನ ಹೊರಗಿರುವ ಮರದ ಶೀಲ್ಡಿನ ಮೇಲೆ ಕೆತ್ತಿಸುತ್ತಿದ್ದರು. ಅದಕ್ಕಾಗಿ ನಾವು ಏಸು, ಶಿವ, ನಮ್ಮೂರ ಹನುಮಪ್ಪ ಹುಚ್ಚೂರಾಯಸ್ವಾಮಿ ಯಾರನ್ನೂ ಬಿಡದೆ ಬೇಡಿಕೊಳ್ಳುತ್ತಿದ್ದೆವು.

ನಮ್ಮದು ಲಿಂಗಾಯತರ ಮನೆ. ಅಪ್ಪಾಜಿಯದು ಪೈಪಿನ ಅಂಗಡಿ, ಬೋರ್‌ವೆಲ್‌ಗೆ, ಗದ್ದೆಗೆ ಬೇಕಾದ ಪೈಪು, ಬೆಂಡು, ವಾಲ್ವು ಎಲ್ಲ. ನನಗೆ ಗ್ರೀನ್ ಹೌಸು ಬಂದಿದೆ ಎಂದಾಗ ಅಪ್ಪಾಜಿ ಹೂಂ ಎಂದು ಸುಮ್ಮನಾದರು. ಅಜ್ಜಿ ಸುಮ್ಮನಾಗಲಿಲ್ಲ. ಅವಳಿಗೆ ಇದನ್ನು ತನ್ನ ರೀತಿಯಲ್ಲಿ ಅರ್ಥ ಮಾಡಿಕೊಳ್ಳಬೇಕಿತ್ತು. ನಮ್ಮಲ್ಲಿ ಬೆಡಗು ಅಂತ ಇದೆ, ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ, ಅವರೊಳಗೆ ಮದುವೆ ಇಲ್ಲ. ಅಜ್ಜಿ ಹೌಸನ್ನು ಆ ಗೂಟಕ್ಕೆ ಕಟ್ಟಿದಳು. ಗ್ರೀನ್ ಹೌಸಿನ ಮಕ್ಕಳೆಲ್ಲ ಒಂದೇ ಬೆಡಗಿನವರು, ಜಗಳ ಆಡಬಾರದು. ಶೇಂಗಾ ಹೋಳಿಗೆ ಮಾಡಿದ ಮರುದಿನ ನನ್ನ ಚೀಲದಲ್ಲಿ ಒಂದು ಗಂಟು ಹೆಚ್ಚಿಗೆ ಇರುತ್ತಿತ್ತು. "ನಿಮ್ ಬೆಡಗಿನವ್ರಿಗೆ ಕೊಡು, ಬ್ಯಾರೇರಿಗೆ ಕೊಡಬ್ಯಾಡ," ಎನ್ನುತ್ತಿದ್ದಳು. ಯೆಲ್ಲೋ ಹೌಸಿನವರು ಹೋಳಿಗೆ ವಾಸನೆ ಹಿಡಿದು ಬಂದು ಹಲ್ಲು ಕಿರಿದರೆ ಕೊಡದೇ ಇರಲು ಆಗುತ್ತದೆಯೇ.

ಆ ಹೋಳಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ತಿಂದವಳು ಒಬ್ಬಳೇ. ಅವಳ ಹೆಸರು ಹೇಳುವುದಿಲ್ಲ, ಹೇಳಿದರೆ ಸೊರಬದಿಂದ ಬಸ್ಸು ಹತ್ತಿ ಬಂದು ನನಗೆ ಎರಡು ಬಿಗಿಯುತ್ತಾಳೆ. ಸೊರಬ ತಾಲ್ಲೂಕಿನ ಉಳವಿಯ ಹತ್ತಿರದ ಹಳ್ಳಿಯವಳು, ಗದ್ದೆ ಮನೆತನ. ಆರನೇ ಕ್ಲಾಸಿಗೆ ಬಂದು ಸಿಸ್ಟರ್‌ಗಳ ಹಾಸ್ಟೆಲಿನಲ್ಲಿ ಉಳಿದಳು, ಡಬ್ಬಿಯಿಂದ ಗ್ರೀನ್ ಚೀಟಿಯನ್ನೇ ಎತ್ತಿದಳು. ನಾನು ಅವಳನ್ನು ಸೊರಬ ಎಂದೇ ಕರೆದೆ, ಅವಳು ನನ್ನನ್ನು ನಮ್ಮ ಅಂಗಡಿಯ ದಯೆಯಿಂದ ಪೈಪು ಎಂದಳು. ಅಪ್ಪ ಅಮ್ಮ ಅಷ್ಟು ಯೋಚಿಸಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲೇ ಉಳಿಯಿತು.

ನಮ್ಮ ಪರಿಚಯ ಆದದ್ದು ಒಂದು ಕರವಸ್ತ್ರದಿಂದ. ಸೋಮವಾರ ಬೆಳಿಗ್ಗೆ ಅಸೆಂಬ್ಲಿಯಲ್ಲಿ ಇನ್‌ಸ್ಪೆಕ್ಷನ್, ಹೌಸಿಗೊಂದು ಸಾಲು. ಸಾಲಿನ ಮುಂದಿನಿಂದ ಹಿಂದಕ್ಕೆ ಸಿಸ್ಟರ್ ಬರುತ್ತಿದ್ದರು, ಒಬ್ಬೊಬ್ಬರೂ ಕರವಸ್ತ್ರ ಎತ್ತಿ ತೋರಿಸಬೇಕು. ನನ್ನ ಮುಂದೆ ನಿಂತಿದ್ದ ಹೊಸ ಹುಡುಗಿಯ ಹತ್ತಿರ ಕರವಸ್ತ್ರ ಇರಲಿಲ್ಲ. ಅವಳು ಹೆದರಲಿಲ್ಲ, ತಿರುಗಿ ಬೇಡಲೂ ಇಲ್ಲ. ಬಲಗೈಯನ್ನು ಬೆನ್ನ ಹಿಂದೆ ಚಾಚಿ ಅಂಗೈ ಬಿಡಿಸಿ ನಿಂತಳು, ಅಷ್ಟೇ. ನನಗೆ ಏನನ್ನಿಸಿತೋ, ನನ್ನ ಕರವಸ್ತ್ರವನ್ನು ಅದರಲ್ಲಿ ಇಟ್ಟೆ. ಅವಳು ತೋರಿಸಿದಳು, ಸಿಸ್ಟರ್ ತಲೆ ಆಡಿಸಿದರು, ಅವರು ನನ್ನ ಕಡೆ ಹೆಜ್ಜೆ ಇಡುವಷ್ಟರಲ್ಲಿ ಕರವಸ್ತ್ರ ಹಿಂದಿನಿಂದಲೇ ನನ್ನ ಕೈಗೆ ಬಂದಿತ್ತು. ಹೀಗೆ ಎರಡು ವರ್ಷ ಒಂದೇ ಕರವಸ್ತ್ರದಲ್ಲಿ ಇಬ್ಬರೂ ಪಾಸಾದೆವು.

"ಹಿಂದೆ ನೋಡ್ದೇನೆ ಕೈ ಚಾಚ್ತೀಯಲ್ಲ, ಕೊಡದಿದ್ರೆ ಏನ್ ಮಾಡ್ತಿದ್ದಿ?" ಎಂದು ಆಮೇಲೆ ಕೇಳಿದೆ.

"ನೆಟ್ಟಿ ಮಾಡೋರು ತಲೆ ಎತ್ತಿ ನೋಡ್ತ್ರನೆ?" ಎಂದಳು. ಅವಳ ಅಮ್ಮ ಗದ್ದೆಯಲ್ಲಿ ನಾಟಿ ಮಾಡುವಾಗ ಬಗ್ಗಿದವರು ಬಗ್ಗಿದಂತೆಯೇ ಕೈ ಹಿಂದೆ ಮಾಡುತ್ತಾರಂತೆ, ಸಸಿಯ ಕಟ್ಟು ಕೊಡುವುದು ಇವಳ ಕೆಲಸ. "ಕೈ ಚಾಚಿದ್ ಕೂಡ್ಲೆ ಕಟ್ಟು ಬರ್ಬೇಕು. ಬರ್ಲಿಲ್ಲ ಅಂದ್ರೆ ಬೈಗುಳ ಬರ್ತದೆ ಮಾರಾಯ್ತಿ."

ಅವಳು ಓಡುವುದರಲ್ಲಿ ಗಟ್ಟಿ. ನಾನು ಅಷ್ಟೇನೂ ಅಲ್ಲ, ಆದರೆ ಮನೆಯಿಂದ ಶಾಲೆಗೆ ದಿನಾ ತಡವಾಗಿ ಹೊರಟು ಓಡಿ ಬಂದ ಅಭ್ಯಾಸ ಇತ್ತು. ಪಿ.ಟಿ. ಸರ್ ಇಬ್ಬರನ್ನೂ ಗ್ರೀನ್ ಹೌಸಿನ ರಿಲೇ ತಂಡಕ್ಕೆ ಹಾಕಿದರು. ನಾಲ್ವರ ಓಟ, ಮೂರನೆಯವಳು ನಾನು, ಕೊನೆಯವಳು ಅವಳು. ಬ್ಯಾಟನ್ ಎನ್ನುವ ಆ ಕೋಲು ನಮ್ಮ ಅಂಗಡಿಯದೇ. ಅಪ್ಪಾಜಿ ಒಂದಡಿಯ ನಾಲ್ಕು ಪಿವಿಸಿ ಪೈಪಿನ ತುಂಡು ಕತ್ತರಿಸಿ ಕೊಟ್ಟಿದ್ದರು, ಸರ್ ಅವಕ್ಕೆ ನಾಲ್ಕು ಹೌಸಿನ ಬಣ್ಣ ಬಳಿದಿದ್ದರು. ಉಳಿದ ಹೌಸಿನವರೆಲ್ಲ ಕೋಲು ಕೊಡುವಾಗ ಹಿಂದೆ ತಿರುಗಿ, ಕೈ ಬೀಸಿ, ಬಾರೇ ಬಾರೇ ಎಂದು ಕಿರುಚುತ್ತಿದ್ದರು. ನಮ್ಮಲ್ಲಿ ಸದ್ದಿಲ್ಲ. ಸೊರಬ ಮುಂದೆ ನೋಡುತ್ತಾ ಕೈ ಹಿಂದೆ ಚಾಚಿ ನಿಲ್ಲುವಳು, ನಾನು ಕೋಲು ಇಟ್ಟು ಅವಳ ಮುಂಗೈಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತುವೆ. ಒತ್ತಿದರೆ ಹೊರಡು ಎಂದರ್ಥ. ಅದು ನಾವೇ ಮಾಡಿಕೊಂಡ ಏರ್ಪಾಡು. ಆರನೇ ಕ್ಲಾಸಿನಲ್ಲಿ ಗೆದ್ದೆವು, ಏಳರಲ್ಲಿ ಗೆದ್ದೆವು. ಹತ್ತರವರೆಗೂ ನಾವೇ ಎಂದು ಮೈದಾನದ ಹುಣಸೆ ಮರದ ಕೆಳಗೆ ಕೂತು ತೀರ್ಮಾನ ಮಾಡಿದೆವು. ಮರ ಮುಟ್ಟಿ ಆಣೆ ಕೂಡ ಮಾಡಿದ್ದೇವೆ, ಅವಳು ನೆನಪಿಲ್ಲ ಎನ್ನುತ್ತಾಳೆ, ಸುಳ್ಳು.

ಎಂಟನೇ ಕ್ಲಾಸಿನ ಜೂನ್‌ನಲ್ಲಿ ನನ್ನ ತಂಗಿ ಒಂದನೇ ಕ್ಲಾಸಿಗೆ ಬಂದಳು. ಇಲ್ಲಿಂದ ಗ್ರಹಚಾರ ಶುರು.

ಶಾಲೆಯಲ್ಲಿ ಒಂದು ನಿಯಮ ಇತ್ತು, ಈಗಲೂ ಇದೆ. ಒಡಹುಟ್ಟಿದವರು ಒಂದೇ ಹೌಸಿನಲ್ಲಿ ಇರಬೇಕು. ಟೀ ಶರ್ಟು ಒಬ್ಬರಿಂದ ಒಬ್ಬರಿಗೆ ಇಳಿಯುತ್ತದೆ, ಮನೆಯಲ್ಲಿ ಜಗಳ ಇರುವುದಿಲ್ಲ ಎಂದು. ಅಕ್ಕ ಗ್ರೀನ್ ಆದರೆ ತಂಗಿಗೆ ಚೀಟಿಯೇ ಇಲ್ಲ, ನೇರ ಗ್ರೀನ್. ಆದರೆ ಅವತ್ತು ಆಫೀಸಿನಲ್ಲಿದ್ದ ಸಿಸ್ಟರ್ ಹೊಸಬರು. ಇವಳಿಗೂ ಡಬ್ಬಿ ಚಾಚಿದರು, ಇವಳು ರೆಡ್ ಎತ್ತಿದಳು. ಕೆಂಪು ಬಿಲ್ಲೆ ಚುಚ್ಚಿಸಿಕೊಂಡು ಕಾರಿಡಾರಿನಲ್ಲಿ ಎದೆ ಮುಂದೆ ಮಾಡಿ ನಡೆದಳು. ಎರಡು ದಿನದ ಮೇಲೆ ತಪ್ಪು ತಿಳಿದು, ಬಿಲ್ಲೆ ಬದಲಿಸಲು ಹೋದರೆ ಈ ಐದೂವರೆ ವರ್ಷದ ಹೆಂಗಸು ನೆಲಕ್ಕೆ ಬಿದ್ದು ಹೊರಳಿದಳು. ಗ್ರೀನ್ ಎಂದರೆ ಹಾಗಲಕಾಯಿ ಬಣ್ಣವಂತೆ. ತನಗೆ ಹಾಗಲಕಾಯಿ ಬೇಡವಂತೆ. ಅಮ್ಮ ಬಂದರು, ಚಾಕಲೇಟು ಬಂತು, ಒಂದು ಪೆಟ್ಟೂ ಬಿತ್ತು, ಬಿಲ್ಲೆ ಮಾತ್ರ ಅವಳ ಮುಷ್ಟಿಯಿಂದ ಬರಲಿಲ್ಲ.

ಮೂರನೇ ದಿನ ಹಿರಿಯ ಸಿಸ್ಟರ್, ಅಂದರೆ ನಮ್ಮ ಪ್ರಿನ್ಸಿಪಾಲ್, ನನ್ನನ್ನು ಕರೆಸಿದರು. ಮಂಗಳೂರಿನ ಕಡೆಯವರು. ನಮ್ಮೊಂದಿಗೆ ಇಂಗ್ಲಿಷೇ ಆಡುತ್ತಿದ್ದರು, ಮುಖ್ಯವಾದ ಮಾತಿಗೆ ಮತ್ತು ಬೈಗುಳಕ್ಕೆ ಮಾತ್ರ ಕನ್ನಡ, ನಮಗೆ ಸರಿಯಾಗಿ ತಾಗಲಿ ಎಂದು. "ನೋಡು ಮಗಾ, ಅವಳು ಸಣ್ಣವಳು, ನೀನು ದೊಡ್ಡವಳು. ಗ್ರೀನಿನಲ್ಲಿ ಹೇಗೂ ಸಂಖ್ಯೆ ಜಾಸ್ತಿ ಉಂಟು. ನೀನೇ ರೆಡ್ಡಿಗೆ ಹೋಗಬಹುದಾ? ನಿನಗೆ ಬೇಜಾರಾಗುವುದಾದರೆ ಹೇಳು, ನಾನು ಒತ್ತಾಯ ಮಾಡುವುದಿಲ್ಲ."

ಕೇಳಿದರು. ಒತ್ತಾಯ ಮಾಡುವುದಿಲ್ಲ ಎಂದೂ ಹೇಳಿದರು. ಇದನ್ನು ನಾನು ಇಲ್ಲಿ ಬರೆದುಬಿಡಬೇಕು, ಏಕೆಂದರೆ ಆಗ ಯಾರಿಗೂ ಹೇಳಲಿಲ್ಲ. ನಾನು ಬೇಡ ಎನ್ನಬಹುದಿತ್ತು. ಆದರೆ ಅವರ ಬೆನ್ನ ಹಿಂದೆ ಕಿಟಕಿಯಾಚೆ ಶೀಲ್ಡು ಕಾಣುತ್ತಿತ್ತು, ಅದರಲ್ಲಿ ಕೊನೆಯದಾಗಿ ಕೆತ್ತಿದ್ದು ರೆಡ್ ಹೌಸಿನ ಹೆಸರು. ಮತ್ತೊಂದು ವಿಷಯ, ಹಸಿರು ಟೀ ಶರ್ಟಿನಲ್ಲಿ ನನ್ನ ಮುಖ ಜ್ವರ ಬಂದವಳಂತೆ ಕಾಣುತ್ತಿತ್ತು, ಕೆಂಪು ನನಗೆ ಒಪ್ಪುತ್ತಿತ್ತು. ಹದಿಮೂರು ವರ್ಷಕ್ಕೆ ಇವು ಸಣ್ಣ ವಿಷಯಗಳಲ್ಲ. "ಪರವಾಗಿಲ್ಲ ಸಿಸ್ಟರ್," ಎಂದೆ. ಹುಣಸೆ ಮರ ನೆನಪಾದದ್ದು ಬಾಗಿಲ ಹೊರಗೆ ಬಂದ ಮೇಲೆ.

ಮನೆಯಲ್ಲಿ ಅಜ್ಜಿ ಕೆಂಡವಾದಳು. ಮರುದಿನ ಸೆರಗು ಹೊದ್ದು ಶಾಲೆಗೇ ಬಂದಳು. "ಹೆಣ್ಮಕ್ಕಳು ಬೆಡಗು ಬದ್ಲಿ ಮಾಡಾದು ಮದುವಿ ಆದ್ಮ್ಯಾಲೆ ಅಲ್ಲೇನ್ರೀ ಸಿಸ್ಟರಮ್ಮ? ಇದ್ಕೆ ಇನ್ನಾ ಎಂಟ್ನೇ ಕ್ಲಾಸು." ಹಿರಿಯ ಸಿಸ್ಟರ್ ಅವಳನ್ನು ಕೂರಿಸಿ ಕಾಫಿ ಕೊಟ್ಟು, ಇದು ಹಾಗಲ್ಲ ಅಜ್ಜಿ ಎಂದು ಅರ್ಧ ಗಂಟೆ ತಿಳಿಸಿದರು. ಅಜ್ಜಿ ಕಾಫಿ ಕುಡಿದಳು, ತಿಳಿದುಕೊಳ್ಳಲಿಲ್ಲ.

ಇನ್ನು ಉಳಿದದ್ದು ಸೊರಬ. ಅದೇ ಕಷ್ಟವಾದದ್ದು. ಕೆಂಪು ಬಿಲ್ಲೆ ಹಾಕಿಕೊಂಡು ಕ್ಲಾಸಿಗೆ ಬಂದ ದಿನ ಅವಳು ಬಿಲ್ಲೆಯನ್ನು ನೋಡಿದಳು, ನನ್ನನ್ನು ನೋಡಿದಳು. "ನಿಂಗೆ ಕೇಳಿದ್ರ, ಹಂಗೇ ಹಾಕಿದ್ರ?" ಎಂದಳು.

"ಹಂಗೇ ಹಾಕಿದ್ರು," ಎಂದೆ.

ಅವಳು ತನ್ನ ಚೀಲ ಎತ್ತಿಕೊಂಡು ಎರಡು ಬೆಂಚು ಹಿಂದೆ ಹೋಗಿ ಕೂತಳು. ಸುಳ್ಳು ಎಂದು ಅವಳಿಗೆ ಹೇಗೆ ತಿಳಿಯಿತೋ. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಪುಸ್ತಕ ಕೇಳಬೇಕಾದರೆ ಹಾಜರಿ ಪುಸ್ತಕದ ನನ್ನ ಹೆಸರನ್ನು, ಪೂರ್ತಿಯಾಗಿ, ತಂದೆಯ ಹೆಸರಿನ ಮೊದಲ ಅಕ್ಷರದ ಸಮೇತ ಕರೆಯುತ್ತಿದ್ದಳು. ನನ್ನನ್ನು ಯಾರೂ ಪೈಪು ಅನ್ನದ ಶಾಲೆ ನನಗೆ ಬೇರೆ ಯಾವುದೋ ಊರಿನ ಶಾಲೆಯ ಹಾಗೆ ಆಯಿತು.

ಜೂನ್ ಹೋಯಿತು, ನಾಗರಪಂಚಮಿ ಬಂತು, ದಸರಾ ರಜೆಗೆ ಅವಳು ಊರಿಗೆಂದು ಶಿರಾಳಕೊಪ್ಪದ ಬಸ್ಸು ಹತ್ತಿದಳು, ತಿರುಗಿ ಬಂದಳು. ನಾನು ಹೋಳಿಗೆ ಒಯ್ದೆ, ತಿನ್ನಲಿಲ್ಲ. ಅವಳು ಹೋಳಿಗೆ ಬಿಟ್ಟಳೆಂದರೆ ವಿಷಯ ಎಷ್ಟು ಕೆಟ್ಟಿತ್ತು ಎಂದು ಲೆಕ್ಕ ಹಾಕಿ. ಇನ್‌ಸ್ಪೆಕ್ಷನ್ನಿನಲ್ಲಿ ಈಗ ನಾವು ಬೇರೆ ಬೇರೆ ಸಾಲು. ಒಂದು ಸೋಮವಾರ ನಾನು ರೆಡ್ ಸಾಲಿನಿಂದ ನೋಡುತ್ತಿದ್ದೆ, ಅವಳ ಕೈ ಅಭ್ಯಾಸಬಲದಿಂದ ಬೆನ್ನ ಹಿಂದೆ ಹೋಯಿತು. ಅಲ್ಲಿ ಯಾರೋ ಹೊಸ ಹುಡುಗಿ ನಿಂತಿದ್ದಳು, ಅವಳಿಗೆ ಏನು ಗೊತ್ತು. ಕೈ ಸ್ವಲ್ಪ ಹೊತ್ತು ಹಾಗೇ ಇದ್ದು ಕೆಳಗೆ ಇಳಿಯಿತು, ಗ್ರೀನ್ ಹೌಸಿಗೆ ಒಂದು ಪಾಯಿಂಟು ಹೋಯಿತು. ನನಗೆ ಅಳು ಬಂತು. ರೆಡ್ ಹೌಸಿನ ಕ್ಯಾಪ್ಟನ್ ಖುಷಿಯಿಂದ ನನ್ನ ಭುಜ ತಟ್ಟಿದಳು.

ಡಿಸೆಂಬರಿನಲ್ಲಿ ಸ್ಪೋರ್ಟ್ಸ್ ಡೇ. ರೆಡ್ ಹೌಸಿನ ರಿಲೇ ತಂಡಕ್ಕೆ ನನ್ನನ್ನು ಹಾಕಿದರು, ಮೂರನೆಯ ಓಟಕ್ಕೇ. ಕೊನೆಯವಳು ನಮ್ಮ ಕ್ಯಾಪ್ಟನ್, ಹತ್ತನೇ ಕ್ಲಾಸು, ಎತ್ತರದ ಹುಡುಗಿ, ಗಂಟಲು ಅದಕ್ಕಿಂತ ಎತ್ತರ. ಗ್ರೀನ್ ಹೌಸಿನಲ್ಲಿ ಕೊನೆಯವಳು ಸೊರಬ, ಅವಳಿಗೆ ಕೋಲು ಕೊಡುವ ಮೂರನೆಯವಳು ಬೇರೊಬ್ಬಳು. ಅಲ್ಲಿಯವರೆಗೆ ಎರಡೂ ಹೌಸಿನ ಪಾಯಿಂಟು ಸಮಸಮ ಬಂದಿತ್ತು. ಈ ರಿಲೇ ಯಾರಿಗೋ ವರ್ಷದ ಕೊನೆಗೆ ಶೀಲ್ಡೂ ಹೆಚ್ಚುಕಡಿಮೆ ಅವರಿಗೇ. ನನಗೆ ಶೀಲ್ಡಿನ ಆಸೆ ಆ ಹೊತ್ತಿಗೆ ಎಷ್ಟೋ ಇಳಿದುಹೋಗಿತ್ತು. ಓಟ ಮುಗಿದ ಮೇಲೆ ಹೇಗಾದರೂ ಅವಳನ್ನು ಹಿಡಿದು ನಿಲ್ಲಿಸಿ ಮಾತಾಡಿಸಬೇಕು, ಇದೊಂದೇ ತಲೆಯಲ್ಲಿತ್ತು.

ಮೈದಾನದ ಸುತ್ತ ಜನ. ಅಂಗಡಿ ಬಿಟ್ಟು ಅಪ್ಪಾಜಿ ಬಂದಿದ್ದರು, ಪಕ್ಕದಲ್ಲಿ ಅಜ್ಜಿ, ಅವಳ ತೊಡೆಯ ಮೇಲೆ ಕೆಂಪು ಬಾವುಟ ಹಿಡಿದ ಆ ಅಪರಾಧಿ, ನನ್ನ ತಂಗಿ. ಸುಣ್ಣದ ಪುಡಿಯಲ್ಲಿ ಎಳೆದ ಗೆರೆಗಳು, ನಮ್ಮ ಪಕ್ಕದ ಸಾಲೇ ಗ್ರೀನಿನವರದು. ಸರ್ ಸೀಟಿ ಊದಿದರು. ಮೊದಲಿಬ್ಬರು ಓಡಿ ಬಂದರು, ಕೆಂಪು ಕೋಲು ನನ್ನ ಕೈಗೆ ಬಂತು, ಓಡಿದೆ. ಗ್ರೀನಿನ ಹುಡುಗಿ ನನ್ನ ಹಿಂದೆಯೇ, ಅವಳ ಉಸಿರು ಕೇಳುತ್ತಿತ್ತು.

ತಿರುವು ದಾಟಿದ ಮೇಲೆ ಎದುರಿಗೆ ಇಬ್ಬರು ಕಂಡರು. ನಮ್ಮ ಕ್ಯಾಪ್ಟನ್ ನನ್ನ ಕಡೆ ತಿರುಗಿ ಎರಡೂ ಕೈ ಬೀಸುತ್ತಾ ನನ್ನ ಹೆಸರು ಕೂಗುತ್ತಿದ್ದಳು. ಪಕ್ಕದ ಸಾಲಿನಲ್ಲಿ ಸೊರಬ ಬೆನ್ನು ಹಾಕಿ ನಿಂತಿದ್ದಳು, ಬಲಗೈ ಹಿಂದಕ್ಕೆ ಚಾಚಿ, ಅಂಗೈ ಬಿಡಿಸಿ, ಅಲುಗಾಡದೆ. ಆಮೇಲಿನದನ್ನು ನಾನು ಮಾಡಿದೆ ಎಂದು ಹೇಳುವುದಕ್ಕಿಂತ ನನ್ನ ಕೈ ಮಾಡಿತು ಎನ್ನುವುದು ಸರಿ. ಗೆರೆ ದಾಟಿದೆ. ಕೋಲನ್ನು ಆ ಅಂಗೈಯಲ್ಲಿ ಇಟ್ಟೆ. ಹೆಬ್ಬೆರಳಿನಿಂದ ಮುಂಗೈ ಒತ್ತಿದೆ.

ಅವಳು ಹೊರಟಳು.

ನಾನು ಎರಡು ಹೆಜ್ಜೆ ಓಡಿ ನಿಂತೆ. ನನ್ನ ಹಿಂದೆ ಗ್ರೀನಿನ ಮೂರನೆಯವಳು ಹಸಿರು ಕೋಲು ಹಿಡಿದು ಬಂದು, ಕೊಡಲು ಯಾರೂ ಇಲ್ಲದೆ ಸುತ್ತಲೂ ನೋಡಿದಳು. ನಮ್ಮ ಕ್ಯಾಪ್ಟನ್ನಿನ ಕೈ ಇನ್ನೂ ಗಾಳಿಯಲ್ಲೇ ಇತ್ತು, ಬಾಯಿ ತೆರೆದೇ ಇತ್ತು, ಸದ್ದು ಮಾತ್ರ ನಿಂತಿತ್ತು. ಮೈದಾನದ ಆ ತುದಿಯಲ್ಲಿ ಹಸಿರು ಟೀ ಶರ್ಟು ಕೆಂಪು ಕೋಲು ಹಿಡಿದು ಎಲ್ಲರಿಗಿಂತ ಮುಂದೆ ಹಗ್ಗ ಮುಟ್ಟಿತು. ಅರ್ಧ ರೆಡ್ ಹೌಸು ಚಪ್ಪಾಳೆ ತಟ್ಟಿತು, ಅರ್ಧ ಗ್ರೀನ್ ಹೌಸು ಚಪ್ಪಾಳೆ ತಟ್ಟಿತು, ಆಮೇಲೆ ಎರಡೂ ನಿಂತವು. ನನ್ನ ತಂಗಿ ಒಬ್ಬಳೇ ಬಾವುಟ ಬೀಸುತ್ತಾ ಉಳಿದಳು. ಪಿ.ಟಿ. ಸರ್ ಸೀಟಿ ಬಾಯಲ್ಲಿಟ್ಟುಕೊಂಡೇ ತಲೆಯ ಮೇಲೆ ಕೈ ಹೊತ್ತರು.

ಎರಡೂ ಹೌಸನ್ನು ಓಟದಿಂದ ತೆಗೆದು ಹಾಕಿದರು. ಹಿಂದೆ ಬರುತ್ತಿದ್ದ ಬ್ಲೂ ಹೌಸು ಗೆದ್ದಿತು. ಬ್ಲೂ ಹೌಸು ರಿಲೇಯಲ್ಲಿ ಗೆದ್ದದ್ದನ್ನು ನಾನಂತೂ ಕಂಡಿರಲಿಲ್ಲ, ಅವರಿಗೇ ನಂಬಿಕೆ ಬರಲಿಲ್ಲ, ಕಪ್ಪು ತೆಗೆದುಕೊಳ್ಳಲು ಯಾರು ಹೋಗಬೇಕು ಎಂದು ತಮ್ಮತಮ್ಮಲ್ಲೇ ನೂಕಾಡಿದರು. ಅಪ್ಪಾಜಿ ಮನೆಗೆ ಹೋಗುವಾಗ, "ಪೈಪು ನಮ್ದು, ಕಪ್ಪು ಬ್ಯಾರೇರ್ದು," ಎಂದು ನಕ್ಕರು. ಅಜ್ಜಿಗೆ ಮಾತ್ರ ಏನೂ ಆಶ್ಚರ್ಯ ಇರಲಿಲ್ಲ. "ರಕ್ತ ಎಲ್ಲಿಗ್ ಹೋಕ್ಕತಿ?" ಎಂದಳು.

ಮರುದಿನ ಆಫೀಸು. ಮೇಜಿನ ಮೇಲೆ ಕೆಂಪು ಕೋಲು, ಹಸಿರು ಕೋಲು. ಮೇಜಿನ ಆಚೆ ಹಿರಿಯ ಸಿಸ್ಟರ್, ಈಚೆ ನಾವಿಬ್ಬರು, ಬಾಗಿಲಲ್ಲಿ ಪಿ.ಟಿ. ಸರ್, ಗೋಡೆಗೆ ಒರಗಿ ಅತ್ತು ಕಣ್ಣು ಊದಿಸಿಕೊಂಡ ನಮ್ಮ ಕ್ಯಾಪ್ಟನ್. "ಬೇಕಂತ್ಲೇ ಕೊಟ್ಟಾಳೆ ಸಿಸ್ಟರ್. ಮೊದ್ಲೇ ಮಾತಾಡ್ಕಂಡಿದ್ರು ಇಬ್ರೂ," ಎಂದಳು. ಮಾತಾಡಿ ಆರು ತಿಂಗಳಾಗಿದೆ ಎಂದು ಅವಳಿಗೆ ಹೇಗೆ ಹೇಳುವುದು.

ಸಿಸ್ಟರ್ ಮೊದಲು ನನ್ನನ್ನು ಕೇಳಿದರು. ಕನ್ನಡದಲ್ಲೇ ಕೇಳಿದರು. ಕೈ ಕಂಡಿತು, ಕೊಟ್ಟುಬಿಟ್ಟೆ ಎಂದೆ. ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇರಲಿಲ್ಲ, ಈಗಲೂ ಇಲ್ಲ. ಆಮೇಲೆ ಅವಳ ಕಡೆ ತಿರುಗಿದರು. "ನಿನಗೆ ಗೊತ್ತಾಗಲಿಲ್ಲವಾ? ಕೆಂಪು ಕೋಲು ಹಿಡಿದು ಅಷ್ಟು ದೂರ ಓಡಿದ್ದೀ."

"ನಾ ಹಿಂದೆ ನೋಡ್ಲಿಲ್ಲ ಸಿಸ್ಟರ್," ಎಂದಳು ಸೊರಬ. "ಕೋಲೂ ನೋಡ್ಲಿಲ್ಲ. ಮುಂದೆ ನೋಡ್ಕಂಡು ಓಡಿದೆ."

ಸಿಸ್ಟರ್ ಎರಡೂ ಕೋಲನ್ನು ಎತ್ತಿ ಪಕ್ಕ ಪಕ್ಕ ಇಟ್ಟರು. ಕೊನೆಗೆ ಇದು ಮೋಸ ಅಲ್ಲ, ಅಭ್ಯಾಸ ಎಂದರು. ಆದರೂ ಶಿಕ್ಷೆ ಇಲ್ಲದೆ ಬಿಟ್ಟರೆ ಎರಡು ಹೌಸಿನವರೂ ಒಪ್ಪುವುದಿಲ್ಲವಲ್ಲ. ಒಂದು ವಾರ ಮಧ್ಯಾಹ್ನದ ಬಿಡುವಿನಲ್ಲಿ ಇಬ್ಬರೂ ಸೇರಿ ಎಲ್ಲ ಹೌಸಿನ ಕೋಲುಗಳ ಬಣ್ಣ ಕೆರೆದು ಹೊಸದಾಗಿ ಬಳಿಯಬೇಕು, ಬಾವುಟದ ಕಂಬಗಳಿಗೂ ಬಳಿಯಬೇಕು. ಬಣ್ಣದ ವ್ಯತ್ಯಾಸ ಚೆನ್ನಾಗಿ ಗೊತ್ತಾಗಲಿ ಎಂದರು. ಅವರಿಗೆ ತಮಾಷೆ ಬರುತ್ತಿತ್ತು, ನಗು ಮಾತ್ರ ಬರುತ್ತಿರಲಿಲ್ಲ.

ಆಟದ ಸಾಮಾನಿನ ಕೋಣೆಯ ಹಿಂದಿನ ಜಗಲಿ. ನಾಲ್ಕು ಡಬ್ಬಿ ಬಣ್ಣ, ಎರಡು ಕುಂಚ, ಮರಳು ಕಾಗದ. ಮೊದಲನೆಯ ದಿನ ಮಾತಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ. ನನ್ನದು ಮೊದಲಿನಿಂದಲೂ ಬಿಸಿ ತಲೆ, ತಪ್ಪು ನನ್ನದಾದರೂ ಸಿಟ್ಟು ಬರುವುದು ನನಗೇ.

"ಸಿಸ್ಟರ್ ನನ್ನ ಕೇಳಿದ್ರು," ಎಂದೆ. "ಹಂಗೇ ಹಾಕಲಿಲ್ಲ. ಬೇಜಾರಾದ್ರೆ ಹೇಳು ಅಂದ್ರು. ನಾನೇ ಪರವಾಗಿಲ್ಲ ಅಂದೆ. ಶೀಲ್ಡಿನ ಆಸೆಗೆ ಅಂದೆ. ಕೆಂಪು ಅಂಗಿ ಆಸೆಗೂ ಅಂದೆ. ನಿಂಗೆ ಸುಳ್ ಹೇಳ್ದೆ. ಈಗ ಬೈಯೋದಿದ್ರೆ ಬೈದುಬಿಡು, ಆರು ತಿಂಗ್ಳಾತು, ನನ್ ಕೈಲಿ ಆಗಲ್ಲ."

ಅವಳು ಹಸಿರು ಕೋಲನ್ನು ಕೆರೆಯುತ್ತಲೇ ಇದ್ದಳು. "ಗೊತ್ತಿತ್ತು," ಎಂದಳು. "ಸುಳ್ ಹೇಳಕಾರೆ ನೀ ಕಿವಿ ಮುಟ್ಕತೀಯ."

ನಾನು ಕಿವಿಯಿಂದ ಕೈ ತೆಗೆದೆ. ಈಗ ನಿಜ ಹೇಳುವಾಗಲೂ ಅಲ್ಲೇ ಇತ್ತು ಆ ಕೈ, ದರಿದ್ರದ್ದು.

ಅವಳು ಕೋಲಿನ ಮೇಲಿನ ಪುಡಿ ಊದಿ ಅಂದಳು, "ನಾನೂ ಸಿಸ್ಟರ್‌ಗೆ ಸುಳ್ ಹೇಳಿದೆ."

"ಏನು?"

"ಗೊತ್ತಾಗ್ಲಿಲ್ಲ ಅಂತ. ಗೊತ್ತಾತು ಕಣೆ. ನಮ್ ಮೂರನೇ ಹುಡ್ಗಿ ಕೋಲು ಇಡೋದು ಕೈಗೆ ಹೊಡ್ದಂಗೆ. ನೀ ಹೆಬ್ಬೆಟ್ಟು ಒತ್ತಿದೆಯಲ್ಲ. ಎರಡನೇ ಹೆಜ್ಜೆಗೆ ಗೊತ್ತಾತು ನೀನೇ ಅಂತ."

"ಮತ್ತೆ ನಿಲ್ಬೇಕಿತ್ತಲ್ಲ. ಕೆಳಗೆ ಹಾಕಿ ನಿಂದು ತಗಂಡಿದ್ರೆ ನೀವೇ ಗೆಲ್ತಿದ್ರಿ."

"ಗೆಲ್ತಿದ್ವಿ." ಅವಳು ಮರಳು ಕಾಗದ ಕೆಳಗಿಟ್ಟಳು. "ಆದ್ರೆ ನೀ ಕೊಟ್ಟಿದ್ದು ಕೆಳಗೆ ಹಾಕಕ್ಕೆ ಮನಸ್ ಬರ್ಲಿಲ್ಲ."

ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆ ಏನಿಲ್ಲ, ಚೆನ್ನಾಗಿಯೇ ಅತ್ತೆ, ಹಳದಿ ಬಣ್ಣದ ಡಬ್ಬಿಯ ಮೇಲೆ ಕೂತು. ಮುಖ ಒರೆಸಿಕೊಂಡು, ನಾಳೆಯೇ ಹಿರಿಯ ಸಿಸ್ಟರ್ ಹತ್ತಿರ ಹೋಗುತ್ತೇನೆ, ಗ್ರೀನಿಗೆ ವಾಪಸು ಹಾಕಿ ಎಂದು ಕಾಲು ಹಿಡಿಯುತ್ತೇನೆ, ತಂಗಿಗೆ ದಿನಾ ಹಾಗಲಕಾಯಿ ತಿನ್ನಿಸಿ ಅಭ್ಯಾಸ ಮಾಡಿಸುತ್ತೇನೆ ಎಂದೆ.

"ಎಂತಕ್ಕೆ?" ಎಂದಳು. "ಅಲ್ಲೇ ಇರು. ಗ್ರೀನಲ್ಲಿ ಇದ್ಕಂಡು ಗ್ರೀನಿಗೆ ಯಾರ್ ಬೇಕಾರೂ ಕೊಡ್ತ್ರು. ನೀ ರೆಡ್ಡಲ್ಲಿದ್ದೂ ನಂಗೆ ಕೊಟ್ಟೆ." ಆಮೇಲೆ ಅವಳು ಗೋಡೆಯ ಕಡೆ ತಿರುಗಿ ಬಾವುಟದ ಕಂಬಕ್ಕೆ ಹಸಿರು ಬಳಿಯತೊಡಗಿದಳು. ಒಂದು ಗಳಿಗೆ ಬಿಟ್ಟು ಬಲಗೈ ಬೆನ್ನ ಹಿಂದೆ ಬಂತು, ಅಂಗೈ ಬಿಡಿಸಿಕೊಂಡು.

"ದೊಡ್ ಕುಂಚ ಕೊಡೇ ಪೈಪು," ಎಂದಳು.

ನಾನು ಹತ್ತನೇ ಕ್ಲಾಸಿನವರೆಗೂ ರೆಡ್ಡಲ್ಲೇ ಉಳಿದೆ. ಪಿ.ಟಿ. ಸರ್ ಬುದ್ಧಿವಂತರು, ಮುಂದಿನ ವರ್ಷದಿಂದ ನನ್ನನ್ನು ಕೊನೆಯ ಓಟಕ್ಕೆ ಹಾಕಿದರು. ಕೊನೆಯವಳು ಯಾರಿಗೂ ಕೋಲು ಕೊಡುವಂತಿಲ್ಲವಲ್ಲ. ಎರಡು ವರ್ಷವೂ ಸೊರಬಳೇ ನನ್ನನ್ನು ಸೋಲಿಸಿದಳು. ಹೊಟ್ಟೆ ಉರಿಯಿತು, ಅದನ್ನೂ ಅವಳಿಗೇ ಹೇಳಿದೆ. ನನ್ನ ತಂಗಿ ಮಾತ್ರ ಎರಡನೇ ಕ್ಲಾಸಿಗೆ ಬರುವ ಹೊತ್ತಿಗೆ ಕೆಂಪು ಬೇಡ, ಹಳದಿ ಬೇಕು ಎಂದು ಹೊರಳತೊಡಗಿದ್ದಳು, ಈ ಸಲ ಯಾರೂ ಅವಳ ಮಾತು ಕೇಳಲಿಲ್ಲ.

ಮಗಳು ಚೀಟಿ ಎತ್ತಿದ ದಿನ ಸಂಜೆ ಸೊರಬಕ್ಕೆ ಫೋನು ಮಾಡಿದೆ. ಅವಳು ಈಗ ಅಲ್ಲಿನ ಶಾಲೆಯೊಂದರಲ್ಲಿ ಪಿ.ಟಿ. ಟೀಚರು. ಮಗಳಿಗೆ ಗ್ರೀನ್ ಬಂತು ಎಂದೆ. ನಿಂದು ಯಾವ ಹೌಸು ಎಂದು ಮಗಳು ಕೇಳಿದಳು, ಏನು ಹೇಳಬೇಕೋ ತಿಳಿಯಲಿಲ್ಲ ಎಂದೆ.

"ರೆಡ್ಡು ಅನ್ನು," ಎಂದಳು, ಸ್ವಲ್ಪವೂ ಯೋಚಿಸದೆ. "ಕೈ ಮಾತ್ರ ನಮ್ ಹೌಸಿಂದು."